ಮನೆಯಲ್ಲಿ ಮಾಡಿದ ಕೇಕನ್ನು ಬೆಂಗಳೂರಿನಿಂದ ಮಂಗಳೂರಿಗೆ ಕಾರಲ್ಲಿ ಹಾಳಾಗದಂತೆ ಒಯ್ಯುವುದು ಹೇಗೆ?

ಮೇ ತಿಂಗಳಲ್ಲಿ ಅಕ್ಕನ ಮಗಳ ಹುಟ್ಟುಹಬ್ಬ, ಎರಡಂತಸ್ತಿನ ಕ್ರೀಮ್ ಕೇಕ್, ಮೇಲೆ ಫಾಂಡೆಂಟ್ (ಸಕ್ಕರೆಯ ಕಣಕ) ಗೊಂಬೆಗಳು ಅಂತ ಬರೆದಿದ್ದೀರಿ. ಖಂಡಿತ ಒಯ್ಯಬಹುದು. ಆದರೆ ಆ ಕ್ರೀಮ್ ಮಾತ್ರ ಬಿಟ್ಟುಬಿಡಿ. ನಾನು ಮನೆಯಲ್ಲೇ ಕೇಕ್ ಮಾಡಿ ಕೊಡುವವಳು, ತವರು ಪುತ್ತೂರಿನ ಕಡೆ. ಹಾಗಾಗಿ ಈ ದಾರಿಯಲ್ಲಿ ಕೇಕ್ ಒಯ್ಯುವುದು ನನಗೆ ಮಾಮೂಲು.

ಸುಮಾರು 350 ಕಿಲೋಮೀಟರ್, ತಿಂಡಿ ಕಾಫಿ ಸೇರಿ ಏಳೆಂಟು ಗಂಟೆ. ಹಾಲಿನ ಕ್ರೀಮನ್ನು ಫ್ರಿಜ್‌ನಿಂದ ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇಡಬಾರದು. 32 ಡಿಗ್ರಿ ದಾಟಿದರೆ ಒಂದೇ ಗಂಟೆ. ಮಕ್ಕಳು ತಿನ್ನುವ ವಸ್ತು, ಇದರಲ್ಲಿ ರಾಜಿ ಬೇಡ. ನಾನ್‌ಡೈರಿ ಕ್ರೀಮ್, ಅಂದರೆ ಹಾಲಿನ ಬದಲು ಸಸ್ಯದ ಎಣ್ಣೆಯಿಂದ ಮಾಡಿದ್ದು, ಇನ್ನಷ್ಟು ಹೊತ್ತು ನಿಲ್ಲುತ್ತದೆ ನಿಜ, ಆದರೆ ಘಾಟಿಯ ತಿರುವುಗಳಲ್ಲಿ ಅದೂ ಜಾರುತ್ತದೆ. ಬಟರ್‌ಕ್ರೀಮೂ ಈ ಸೆಕೆಗೆ ಆಗಿಬರುವುದಿಲ್ಲ. ಬೆಣ್ಣೆ 32–35 ಡಿಗ್ರಿಯಲ್ಲಿ ಕರಗುತ್ತದೆ, ಮೆತ್ತಗಾಗುವುದು ಅದಕ್ಕಿಂತ ಎಷ್ಟೋ ಮೊದಲು.

ನನ್ನ ಆಯ್ಕೆ ಗನಾಶ್, ಅಂದರೆ ಬಿಸಿ ಕ್ರೀಮಿನಲ್ಲಿ ಚಾಕೊಲೇಟ್ ಕರಗಿಸಿ ಮಾಡುವ ಗಟ್ಟಿ ಲೇಪ. ತೂಕದಲ್ಲಿ ಎರಡು ಪಾಲು ಡಾರ್ಕ್ ಚಾಕೊಲೇಟ್, ಒಂದು ಪಾಲು ಕ್ರೀಮ್. ಬಿಳಿ ಚಾಕೊಲೇಟ್ ಆದರೆ ಮೂರಕ್ಕೆ ಒಂದು. ಒಳಗಿನ ಪದರಗಳಿಗೂ ಅದನ್ನೇ ಹಾಕಿ. ಹಣ್ಣಿನ ತುಂಡು ಬೇಡವೇ ಬೇಡ. ಅನಾನಸ್, ಸ್ಟ್ರಾಬೆರಿ ಎಲ್ಲ ನೀರು ಬಿಟ್ಟು ಪದರ ಜಾರಿಸುತ್ತವೆ. ಕೇಕನ್ನು ಹಿಂದಿನ ದಿನವೇ ಮುಗಿಸಿ ಇಡೀ ರಾತ್ರಿ ಫ್ರಿಜ್‌ನಲ್ಲಿಡಿ. ತಣ್ಣಗಾಗಿ ಗಟ್ಟಿಯಾದ ಕೇಕ್ ಹಂಪ್ ಹಾರಿದರೂ ಅಲುಗಾಡುವುದಿಲ್ಲ.

ಎರಡು ಅಂತಸ್ತನ್ನು ಮನೆಯಲ್ಲೇ ಜೋಡಿಸಬೇಡಿ, ಎರಡು ಡಬ್ಬಿಯಲ್ಲಿ ಬೇರೆಬೇರೆಯಾಗಿ ಒಯ್ಯಿರಿ. ಕೆಳಗಿನ ಕೇಕಿಗೆ ನಾಲ್ಕೈದು ದಪ್ಪ ಸ್ಟ್ರಾ ಚುಚ್ಚಿ, ಕೇಕಿನ ಎತ್ತರಕ್ಕೆ ಸರಿಯಾಗಿ ಕತ್ತರಿಸಿಟ್ಟರೆ ಆಯಿತು. ಮೇಲಿನದು ತನ್ನ ತೆಳು ಬೋರ್ಡ್ ಸಮೇತ ಅದರ ಮೇಲೆ ಕೂರುತ್ತದೆ. ಬೋರ್ಡಿಗೂ ಕೇಕಿಗೂ ನಡುವೆ ಒಂದು ಚಮಚ ಗನಾಶ್ ಅಂಟಿನ ಹಾಗೆ ಹಚ್ಚಿ. ಡಬ್ಬಿ ದೊಡ್ಡದಿದ್ದಷ್ಟೂ ಒಳ್ಳೆಯದು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಹಾಗಲ್ಲ. ಎಂಟು ಇಂಚಿನ ಕೇಕಿಗೆ ಹತ್ತು ಇಂಚಿನ ಬೋರ್ಡ್, ಹತ್ತು ಇಂಚಿನದೇ ಡಬ್ಬಿ. ಬೋರ್ಡಿನ ಅಂಚು ನಾಲ್ಕೂ ಗೋಡೆಗೆ ತಾಗಬೇಕು, ಆಗ ಕೇಕ್ ಎಲ್ಲಿಗೂ ಹೋಗುವುದಿಲ್ಲ.

ಫಾಂಡೆಂಟ್ ಗೊಂಬೆಗಳನ್ನು ಕೆಲವು ದಿನ ಮೊದಲೇ ಮಾಡಿ ಒಣಗಿಸಿ, ಟಿಶ್ಯೂ ಸುತ್ತಿ ಬೇರೆ ಡಬ್ಬದಲ್ಲಿಡಿ. ಅವುಗಳನ್ನು ಫ್ರಿಜ್‌ಗೆ ಹಾಕಲೇಬೇಡಿ. ಮಂಗಳೂರಿನ ತೇವದ ಗಾಳಿಗೆ ತಣ್ಣನೆಯ ಫಾಂಡೆಂಟ್ ಬಂದರೆ ಮೈಯೆಲ್ಲ ಬೆವರುತ್ತದೆ, ಬಣ್ಣ ಇಳಿಯುತ್ತದೆ. ಕೇಕಿನ ಡಬ್ಬಿಯನ್ನೂ ಅಷ್ಟೇ, ಮನೆ ತಲುಪಿದ ತಕ್ಷಣ ತೆರೆಯಬೇಡಿ. ಮುಚ್ಚಿದ ಹಾಗೇ ಸ್ವಲ್ಪ ಹೊತ್ತು ಬಿಟ್ಟರೆ ನೀರಿನ ಹನಿ ಕೂರುವುದು ಡಬ್ಬಿಯ ಹೊರಗೆ, ಕೇಕಿನ ಮೇಲೆ ಅಲ್ಲ. ಎಲ್ಲರೂ ನೋಡಬೇಕು ಅಂತ ಸುತ್ತ ನಿಂತಿರುತ್ತಾರೆ, ಗೊತ್ತು. ಕಾಯಲಿ ಬಿಡಿ.

ಇನ್ನು ಕಾರಲ್ಲಿ ಎಲ್ಲಿಡುವುದು? ಸೀಟಿನ ಮೇಲೆ ಬೇಡ, ಸೀಟು ಹಿಂದಕ್ಕೆ ಇಳಿಜಾರಾಗಿರುತ್ತದೆ. ತೊಡೆಯ ಮೇಲಂತೂ ಬೇಡ, ಮೈಶಾಖ ತಾಗುತ್ತದೆ, ಒಂದು ಗಟ್ಟಿ ಬ್ರೇಕಿಗೆ ಕಥೆ ಮುಗಿಯುತ್ತದೆ. ಸೆಡಾನ್ ಆದರೆ ಡಿಕ್ಕಿಗೆ ಎಸಿ ಗಾಳಿ ಹೋಗುವುದಿಲ್ಲ. ಡ್ರೈವರ್ ಪಕ್ಕದ ಸೀಟಿನ ಮುಂದೆ ಕಾಲಿಡುವ ಜಾಗ ಇದೆಯಲ್ಲ, ಅಲ್ಲಿ ಸಮತಟ್ಟಾಗಿ ಕೂತರೆ ಅದೇ ಸರಿ. ಇಲ್ಲದಿದ್ದರೆ ಟವೆಲ್ ಮಡಚಿ ಮಟ್ಟ ಮಾಡಿ. ಕೆಳಗೆ ಹಳೇ ಯೋಗ ಮ್ಯಾಟಿನ ತುಂಡು ಹಾಸಿ. ಆ ಸೀಟಲ್ಲಿ ಯಾರೂ ಕೂರುವ ಹಾಗಿಲ್ಲ, ಮನೆಯವರ ಹತ್ತಿರ ಮೊದಲೇ ಹೇಳಿಡಿ. ಇನ್ನೊಂದು ಡಬ್ಬಿ ಹಿಂದಿನ ಸೀಟಿನ ಮುಂದಿನ ನೆಲಕ್ಕೆ. ಥರ್ಮಾಕೋಲ್ ಪೆಟ್ಟಿಯೊಳಗೆ ಕೇಕ್ ಡಬ್ಬಿ, ಬದಿಗೆ ಟವೆಲ್ ಸುತ್ತಿದ ಐಸ್ ಪ್ಯಾಕ್ ಇಟ್ಟರೆ ಇನ್ನೂ ನೆಮ್ಮದಿ. ಪೆಟ್ಟಿ ಹೊಸದೇ ತನ್ನಿ. ಮೀನಿನ ಪೆಟ್ಟಿ ಎಷ್ಟು ತೊಳೆದರೂ ವಾಸನೆ ಹೋಗುವುದಿಲ್ಲ.

ಬೆಳಗಿನ ನಾಲ್ಕಕ್ಕೆ ಹೊರಡಿ. ಹಾಸನದಲ್ಲಿ ತಿಂಡಿ ಮುಗಿಸಿ, ಬಿಸಿಲು ಏರುವ ಮೊದಲೇ ಶಿರಾಡಿ ಇಳಿಯಬಹುದು. ಯಾರಾದರೂ ಚಾರ್ಮಾಡಿ ಚೆಂದ, ಆ ಕಡೆ ಹೋಗೋಣ ಅಂದರೆ ಒಪ್ಪಬೇಡಿ. ಆ ಹೇರ್‌ಪಿನ್ ತಿರುವುಗಳು ಕೇಕಿಗಲ್ಲ. ತಿಂಡಿಗೆ ನಿಂತಾಗ ನೆರಳಲ್ಲೇ ನಿಲ್ಲಿಸಿ, ಸರದಿ ಪ್ರಕಾರ ಒಬ್ಬರು ಕಾರಲ್ಲೇ ಎಸಿ ಹಾಕಿಕೊಂಡು ಕೂರಲಿ.

ಉಳಿದ ಗನಾಶ್ ಪೈಪಿಂಗ್ ಬ್ಯಾಗಿನಲ್ಲಿರಲಿ, ಪ್ಯಾಲೆಟ್ ನೈಫೂ ಜೊತೆಗಿರಲಿ. ಅಂಚಿನ ಬಾರ್ಡರನ್ನು ಅಲ್ಲಿಗೆ ಹೋದ ಮೇಲೆಯೇ ಹಾಕಿ. ದಾರಿಯಲ್ಲಿ ಆದ ಸಣ್ಣಪುಟ್ಟ ಗಾಯ ಅದರಡಿ ಮುಚ್ಚಿಹೋಗುತ್ತದೆ.

ಮಗುವಿಗೆ ಬಿಳಿ ಕ್ರೀಮೇ ಬೇಕು ಅಂತ ಹಟ ಇದ್ದರೆ ಬರೀ ಸ್ಪಾಂಜ್ ಒಯ್ಯಿರಿ. ನಾನ್‌ಡೈರಿ ಕ್ರೀಮ್ ಪ್ಯಾಕನ್ನು ಫ್ರೀಜರ್‌ನಿಂದ ತೆಗೆದು ಐಸ್ ಬಾಕ್ಸಿಗೆ ಹಾಕಿ, ಬೀಟರ್ ಜೊತೆಗಿರಲಿ. ತಲುಪಿದ ಮೇಲೆ ಅಕ್ಕನ ಫ್ರಿಜ್‌ನಲ್ಲಿಟ್ಟು, ಪೂರ್ತಿ ಕರಗಿದ ಮೇಲೆ, ಇನ್ನೂ ತಣ್ಣಗಿರುವಾಗಲೇ ಬೀಟ್ ಮಾಡಿ. ಅಕ್ಕನಿಗೆ ಮಾತ್ರ ಮೊದಲೇ ಫೋನ್ ಮಾಡಿ, ಫ್ರಿಜ್‌ನಲ್ಲಿ ಒಂದು ಶೆಲ್ಫ್ ಪೂರ್ತಿ ಖಾಲಿ ಮಾಡಿಸಿ. ಮೇ ತಿಂಗಳು, ಮಾವಿನಹಣ್ಣೇ ತುಂಬಿರುತ್ತದೆ.