ಇಂಟೀರಿಯರ್ ಕೆಲಸ ಬೇಡ ಅಂದರೆ ಕೊಟ್ಟ ಅಡ್ವಾನ್ಸ್ ಪೂರ್ತಿ ಹೋಗುತ್ತದಾ?

ನೀವು ಬರೆದದ್ದು ಇಷ್ಟು: ಹುಬ್ಬಳ್ಳಿಯ ಮನೆಗೆ 9 ಲಕ್ಷದ ಇಂಟೀರಿಯರ್ ಕೆಲಸ, 90,000 ಅಡ್ವಾನ್ಸ್, ಎರಡು ತಿಂಗಳಾದರೂ ಡ್ರಾಯಿಂಗೇ ಮುಗಿದಿಲ್ಲ. ಬೇಡ ಅಂದರೆ ಕಂಪನಿಯವರು ‘ಅಡ್ವಾನ್ಸ್ ವಾಪಸ್ ಇಲ್ಲ, ನೀವೇ ಸಹಿ ಹಾಕಿದ್ದೀರಿ’ ಅನ್ನುತ್ತಿದ್ದಾರೆ. ಸಹಿ ಹಾಕಿದ್ದಕ್ಕೆ ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ. ಆ ಒಂದು ಸಾಲಿನಿಂದ ನಿಮ್ಮ ದುಡ್ಡು ಅವರದಾಗುವುದಿಲ್ಲ. ಮಾಡಿದ ಕೆಲಸಕ್ಕೆ ಅವರು ದುಡ್ಡು ಕೇಳಬಹುದು. ಮಾಡದ ಕೆಲಸಕ್ಕೆ ಕೇಳುವ ಹಾಗಿಲ್ಲ.

ನಮಗೂ ಹೀಗೇ ಆಗಿತ್ತು. 2022ರಲ್ಲಿ, ಮೈಸೂರಿನ ಮನೆಗೆ. 7 ಲಕ್ಷದ ಕೆಲಸ, 70,000 ಅಡ್ವಾನ್ಸ್. ಒಬ್ಬ ಹುಡುಗ ಎರಡು ಸಲ ಬಂದು ಅಳತೆ ತೆಗೆದುಕೊಂಡು ಹೋದ. ಆರು ವಾರ ಕಾಯಿಸಿ 3ಡಿ ಚಿತ್ರ ಕಳಿಸಿದರು. ಅದರಲ್ಲಿ ಸಿಂಕ್ ಮೇಲೆ ದೊಡ್ಡ ಕಿಟಕಿ. ನಮ್ಮ ಅಡುಗೆಮನೆಯಲ್ಲಿ ಆ ಗೋಡೆಗೆ ಕಿಟಕಿಯೇ ಇಲ್ಲ. ದೇವರ ಗೂಡು ಬರಬೇಕಾದ ಜಾಗದಲ್ಲಿ ಚಪ್ಪಲಿ ಸ್ಟ್ಯಾಂಡ್. ಅಮ್ಮ ಕನ್ನಡಕ ಹಾಕಿಕೊಂಡು, ಫೋನನ್ನು ಹತ್ತಿರ ಹಿಡಿದು ನೋಡಿ, ‘ಇದು ಯಾರ ಮನೆನೋ ಮಗಾ’ ಅಂದರು. ಅವತ್ತೇ ಬೇಡ ಅಂತ ತೀರ್ಮಾನ ಮಾಡಿದೆವು.

ನಾನು ಮಾಡಿದ ಮೊದಲ ತಪ್ಪು, ಫೋನಿನಲ್ಲಿ ಜಗಳ ಆಡಿದ್ದು. ಮೂರು ವಾರ ಸುಮ್ನೆ ಹೋಯಿತು. ಆಮೇಲೆ ಇಮೇಲ್‌ನಲ್ಲಿ ಮೂರೇ ಮಾತು ಬರೆದೆ: ಇವತ್ತಿನಿಂದ ಕೆಲಸ ರದ್ದು ಮಾಡುತ್ತಿದ್ದೇನೆ, ಇಲ್ಲಿಯವರೆಗೆ ಮಾಡಿದ ಕೆಲಸದ ಲೆಕ್ಕವನ್ನು ಬಿಲ್ ಸಮೇತ ಕೊಡಿ, ಉಳಿದದ್ದನ್ನು 15 ದಿನದಲ್ಲಿ ವಾಪಸ್ ಮಾಡಿ. ಇದರಲ್ಲಿ ಎರಡನೇ ಮಾತೇ ಮುಖ್ಯ. ಲೆಕ್ಕ ಕೇಳಿದ ತಕ್ಷಣ ಅವರ ದನಿ ಬದಲಾಯಿತು. 70,000ಕ್ಕೆ ಕೆಲಸ ತೋರಿಸಲು ಅವರ ಹತ್ತಿರ ಏನೂ ಇರಲಿಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೂ ದೂರು ಕೊಟ್ಟೆ. ಕೊನೆಗೆ 15,000 ಇಟ್ಟುಕೊಂಡು 55,000 ವಾಪಸ್ ಹಾಕಿದರು. ನಾನು ಒಪ್ಪಿಕೊಂಡೆ. ಆ ಹುಡುಗ ಬಿಸಿಲಲ್ಲಿ ಎರಡು ಸಲ ಬಂದಿದ್ದ, ಅವನ ಕೆಲಸಕ್ಕೆ ಬೆಲೆ ಇದೆ ಅಲ್ವಾ.

ಕಾನೂನು ಏನು ಹೇಳುತ್ತದೆ ನೋಡಿ. 1872ರ ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ, ಅಗ್ರಿಮೆಂಟ್‌ನಲ್ಲಿ ಎಷ್ಟೇ ದಂಡ ಬರೆದಿರಲಿ, ಸಿಗುವುದು ನ್ಯಾಯವಾದ ಪರಿಹಾರ ಮಾತ್ರ. ಬರೆದ ಮೊತ್ತ ಅದರ ಮಿತಿ ಅಷ್ಟೇ. ದೆಹಲಿ ಅಭಿವೃದ್ಧಿ ಪ್ರಾಧಿಕಾರ ಒಂದು ನಿವೇಶನದ ಹರಾಜಿನಲ್ಲಿ ಗೆದ್ದವರ 78 ಲಕ್ಷ ಮುಂಗಡವನ್ನು ಮುಟ್ಟುಗೋಲು ಹಾಕಿಕೊಂಡಿತ್ತು. ಆದರೆ ಅದೇ ಜಾಗ ಆಮೇಲೆ ಇನ್ನೂ ಜಾಸ್ತಿ ಬೆಲೆಗೆ ಹೋಗಿತ್ತು. ನಷ್ಟವೇ ಆಗದಿದ್ದರೆ ಪರಿಹಾರ ಎಲ್ಲಿಂದ ಬಂತು ಅನ್ನುವ ಕಾರಣಕ್ಕೆ ಸುಪ್ರೀಂ ಕೋರ್ಟ್ 2015ರಲ್ಲಿ ಆ ಹಣ ವಾಪಸ್ ಕೊಡಿಸಿತು. ನಿಮ್ಮ ಕಂಪನಿಗೂ ಅದೇ ಪ್ರಶ್ನೆ ಕೇಳಿ.

ನಿಮ್ಮ ವಿಷಯದಲ್ಲಿ ತಡ ಮಾಡಿದ್ದು ಅವರೇ. ಹಾಗಾಗಿ ನೀವು ಇನ್ನೂ ಗಟ್ಟಿಯಾಗಿ ನಿಲ್ಲಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ, ಸೇವೆ ಸರಿಯಿಲ್ಲದಿದ್ದಾಗ ಅದನ್ನು ನಿಲ್ಲಿಸಿ ಬಿಲ್‌ನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲದಿದ್ದರೆ 30 ದಿನದೊಳಗೆ, ಹಣ ವಾಪಸ್ ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವುದಾದರೆ ದೂರಿನಲ್ಲಿ ಇದನ್ನೂ ‘ಸೇವಾ ನ್ಯೂನತೆ’ಯನ್ನೂ ಬರೆಯಿರಿ. ‘ಅನ್ಯಾಯದ ಕರಾರು’, ಅಂದರೆ ಅಗ್ರಿಮೆಂಟೇ ಅನ್ಯಾಯದ್ದು, ಅಂತ ಬರೆದರೆ ಅದನ್ನು ಕೇಳುವ ಅಧಿಕಾರ ರಾಜ್ಯ ಮತ್ತು ರಾಷ್ಟ್ರೀಯ ಆಯೋಗಗಳಿಗೆ ಮಾತ್ರ ಇದೆ. ಈ ಒಂದು ಪದದಿಂದ ಎಷ್ಟೋ ಜನ ಸುಮ್ಮನೆ ಓಡಾಡುತ್ತಾರೆ.

ಕಂಪನಿಯ ಆಫೀಸು ಬೆಂಗಳೂರಿನಲ್ಲಿದೆ ಅಂತ ಹೆದರಬೇಡಿ. ನೀವು ವಾಸ ಇರುವ ಊರಿನಲ್ಲೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ, ವಕೀಲರೂ ಕಡ್ಡಾಯ ಅಲ್ಲ. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಹಾಕಬಹುದು. ಎರಡು ವರ್ಷದೊಳಗೆ ಹಾಕಬೇಕು.

ಕಾಮೆಂಟಿನಲ್ಲಿ ಒಬ್ಬರು, ವಕೀಲರನ್ನು ಬದಲಾಯಿಸುವುದಕ್ಕೂ ಇದೇ ದಾರಿಯಾ ಅಂತ ಕೇಳಿದ್ದಾರೆ. ಅಲ್ಲ. ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಗೆ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2024ರ ಮೇ ತಿಂಗಳಲ್ಲಿ ಹೇಳಿದೆ. ಆದರೆ ಫೀ ಬಾಕಿ ಇದೆ ಅಂತ ನಿಮ್ಮ ಕೇಸಿನ ಫೈಲನ್ನು ಅವರು ಹಿಡಿದಿಟ್ಟುಕೊಳ್ಳುವ ಹಾಗಿಲ್ಲ. ಅದು ಸುಪ್ರೀಂ ಕೋರ್ಟಿನ 2000ದ ತೀರ್ಪು.

ಈಗ ನಿಮ್ಮ ವಿಷಯ. ‘ಮುಂದಿನ ವಾರ ಫ್ಯಾಕ್ಟರಿಗೆ ಆರ್ಡರ್ ಹಾಕ್ತೀವಿ’ ಅಂತ ಅವರು ಹೇಳಿದ್ದಾರೆ ಅಂದಿರಿ. ನನಗೆ ಭಯ ಆಗಿದ್ದು ಅದನ್ನು ಓದಿ. ಪ್ಲೈವುಡ್ ಕಟ್ ಆದ ಮೇಲೆ ಅದು ಅವರ ನಿಜವಾದ ಖರ್ಚಾಗುತ್ತದೆ, ಅದನ್ನು ಅವರು ನಿಮ್ಮಿಂದ ಕೇಳುತ್ತಾರೆ. ಹಾಗಾಗಿ ನಾನು ಬರೆದ ಆ ಮೂರು ಮಾತಿನ ಜೊತೆಗೆ ‘ಯಾವ ಡ್ರಾಯಿಂಗನ್ನೂ ನಾನು ಒಪ್ಪಿಲ್ಲ, ತಯಾರಿಕೆ ಶುರು ಮಾಡಬೇಡಿ’ ಅನ್ನುವ ಸಾಲು ಸೇರಿಸಿ ಇವತ್ತು ರಾತ್ರಿಯೇ ಇಮೇಲ್ ಮಾಡಿ. ಅದನ್ನೇ ವಾಟ್ಸ್‌ಆ್ಯಪ್‌ಗೂ ಹಾಕಿ. ಬೆಳಿಗ್ಗೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಅವರ ಉತ್ತರ ಬಂದರೆ ಇಲ್ಲಿ ಹಾಕಿ, ಮುಂದಿನ ಪತ್ರ ಬರೆಯಲು ನಾನು ಸಹಾಯ ಮಾಡುತ್ತೇನೆ.