ಟೀಮೇ ಕೈಬಿಟ್ಟ ಆಟಗಾರನ್ನ ಫ್ಯಾಂಟಸಿ ಲೀಗಲ್ಲಿ ನಾನೂ ಬಿಟ್ಬಿಡ್ಲಾ? ಬೇಸ್‌ಬಾಲಲ್ಲಿ ಅನಾಲಿಟಿಕ್ಸ್ ನಂಬೋದಾ, ಕಣ್ಣು ನಂಬೋದಾ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರ್ ಮಾಡ್ಕೋಬೇಡಿ. "ನಮ್ ಟೀಮ್ ಡೇಟಾ ನೋಡಿನೇ ಅವನನ್ನ ಟ್ರೇಡ್ ಮಾಡಿರುತ್ತೆ, ಅಂದ್ಮೇಲೆ ನನ್ನ ಕೀಪರ್ ಲೀಗಲ್ಲಿ ನಾನ್ಯಾಕೆ ಇಟ್ಕೋಬೇಕು" ಅಂತ ಬರ್ದಿದೀರಲ್ಲ (ಫ್ಯಾಂಟಸಿ ಲೀಗ್ ಅಂದ್ರೆ ನಿಜವಾದ ಆಟಗಾರರನ್ನ ಆರಿಸಿ ನಾವೇ ಟೀಮ್ ಕಟ್ಟೋ ಆಟ, ಕೀಪರ್ ಅಂದ್ರೆ ಕೆಲವರನ್ನ ಮರುವರ್ಷಕ್ಕೂ ಇಟ್ಕೋಬಹುದು), ಈ ಮಾತನ್ನ 2014ರ ಥ್ಯಾಂಕ್ಸ್‌ಗಿವಿಂಗ್ ರಜದಲ್ಲಿ ನಾನೇ ಹೇಳಿದೀನಿ. ಅದೂ ನಾಲ್ಕು ಜನರ ಮುಂದೆ, ದೊಡ್ಡ ಧ್ವನಿಯಲ್ಲಿ.

ನಾನು ಅಥ್ಲೆಟಿಕ್ಸ್ ಅನ್ನೋ ಬೇಸ್‌ಬಾಲ್ ಟೀಮಿನ ಫ್ಯಾನ್, ಎಲ್ರೂ ಏಸ್ ಅಂತಾರಲ್ಲ ಅದೇ, 2024ರ ತನಕ ಓಕ್ಲೆಂಡಲ್ಲಿತ್ತು. ಫ್ರೀಮಾಂಟಲ್ಲಿ ಮನೆ, ಆಗ ಬಾರ್ಟ್ ರೈಲು ಹತ್ತಿದ್ರೆ ಸೀದಾ ಕೊಲಿಸಿಯಂ ಸ್ಟೇಷನ್ನು, ಇಳಿದು ಮೇಲ್ಸೇತುವೆ ದಾಟಿದ್ರೆ ಏಸ್ ಆಡ್ತಿದ್ದ ಕೊಲಿಸಿಯಂ ಮೈದಾನದ ಗೇಟು. ಪಕ್ಕದ ಸ್ಯಾನ್ ಫ್ರಾನ್ಸಿಸ್ಕೋ ಟೀಮು ಜೈಂಟ್ಸ್‌ದು ಟಿಕೆಟ್ ರೇಟ್ ನೋಡಿ ಏಸ್ ಫ್ಯಾನ್ ಆದೋರು ನಮ್ಮಲ್ಲಿ ಬಹಳ ಜನ ಇದಾರೆ, ನಾನೂ ಅವರಲ್ಲೊಬ್ಬ, ಮುಚ್ಚಿಡೋದೇನಿದೆ. ನಾನು ನೋಡೋಕೆ ಶುರು ಮಾಡೋ ಹೊತ್ತಿಗೆ 2002ರ ಕಥೆ ಪುರಾಣ ಆಗೋಗಿತ್ತು. ನಮ್ಮ ಸ್ಟಾರ್ ಬ್ಯಾಟರ್ ಜೇಸನ್ ಜಿಯಾಂಬಿನ ನ್ಯೂಯಾರ್ಕಿನ ಯಾಂಕೀಸ್ ಎತ್ಕೊಂಡ್ ಹೋದ್ರು, ಜಾನಿ ಡೇಮನ್ ಬಾಸ್ಟನ್‌ಗೆ ಹೋದ, ಸಂಬಳಕ್ಕೆ ಅಂತ ಇದ್ದಿದ್ದು ಸುಮಾರು 40 ಮಿಲಿಯನ್ ಡಾಲರ್, ಯಾಂಕೀಸ್ ಹತ್ರ ಅದರ ಮೂರು ಪಟ್ಟು, ಆದ್ರೂ ಆಗಿನ ಜನರಲ್ ಮ್ಯಾನೇಜರ್ ಬಿಲ್ಲಿ ಬೀನ್ ಅಂಕಿಅಂಶ ನೋಡಿ ಅಗ್ಗಕ್ಕೆ ಸಿಗೋ, ವಾಕ್ (ಬಾಲ್ ಎಸೆಯೋ ಪಿಚರ್ ನಾಲ್ಕು ಕೆಟ್ಟ ಬಾಲ್ ಹಾಕಿದ್ರೆ ಪುಕ್ಕಟೆ ಸಿಗೋ ಬೇಸ್) ತಗೊಂಡಾದ್ರೂ ಬೇಸ್ ಮುಟ್ಟೋ ಬ್ಯಾಟರ್‌ಗಳ್ನ ಹುಡ್ಕಿ ತಂದು ಸತತ 20 ಮ್ಯಾಚ್, ಸೀಸನ್ನಲ್ಲಿ 103 ಮ್ಯಾಚ್ ಗೆದ್ದ. (ಅದೇ ಟೀಮಲ್ಲಿ ಹಡ್ಸನ್, ಮಲ್ಡರ್, ಝೀಟೋ ಅಂತ ಮೂರು ಭರ್ಜರಿ ಪಿಚರ್‌ಗಳಿದ್ರು, ಆ ವರ್ಷದ ಎಂವಿಪಿ, ಅಂದ್ರೆ ಲೀಗಿನ ಅತ್ಯುತ್ತಮ ಆಟಗಾರ, ಮಿಗೆಲ್ ತೆಹಾಡ ಇದ್ದ ಅನ್ನೋದನ್ನ ಈ ಪುರಾಣ ಓದೋರು ಯಾರೂ ಹೇಳಲ್ಲ ನೋಡಿ.) ಹಂಗಾಗಿ ನನ್ನ ತಲೇಲಿ ಒಂದೇ ಕೂತ್ಬಿಟ್ಟಿತ್ತು: ಬೀನ್ ಒಬ್ಬನ್ನ ಮಾರಿದ ಅಂದ್ರೆ ಅವನಲ್ಲಿ ಏನೋ ಹುಳುಕಿದೆ, ನಮಗೆ ಕಾಣ್ತಿಲ್ಲ ಅಷ್ಟೇ.

ಥ್ಯಾಂಕ್ಸ್‌ಗಿವಿಂಗ್ ಮಾರನೇ ದಿನ, ನವೆಂಬರ್ 28, ಜಾಶ್ ಡೊನಾಲ್ಡ್‌ಸನ್‌ನ ಟೊರಾಂಟೋಗೆ ಕೊಟ್ಬಿಟ್ರು. ನಮ್ಮ ಥರ್ಡ್ ಬೇಸ್‌ಮನ್, ಟೀಮಿನ ಜೀವ. ಬದಲಿಗೆ ಬಂದಿದ್ದು ಬ್ರೆಟ್ ಲಾರಿ, ಕೆಂಡಲ್ ಗ್ರೇವ್‌ಮನ್, ಶಾನ್ ನೋಲಿನ್, ಫ್ರಾಂಕ್ಲಿನ್ ಬರೇಟೋ ಅಂತ 18 ವರ್ಷದ ಹುಡುಗ. ನಮ್ಮದೊಂದು ಕೀಪರ್ ಲೀಗ್ ಇತ್ತು, ಆಫೀಸಿನೋರು ಮತ್ತೆ ಇಬ್ರು ಮೂವರು ಕನ್ನಡದೋರು, ಹಿಂದಿನ ವರ್ಷದ ಕೆಲವು ಆಟಗಾರರನ್ನ ಇಟ್ಕೋಬಹುದು, ಪುಕ್ಕಟೆ ಆಡೋ ಲೀಗಂತೂ ಅಲ್ಲ. ನನ್ನ ಟೀಮಲ್ಲಿ ಡೊನಾಲ್ಡ್‌ಸನ್ ಇದ್ದ. ಅದೇ ವಾರ ಅವನನ್ನ ಕೊಟ್ಟು ಲಾರಿನೂ ಒಂದು ಡ್ರಾಫ್ಟ್ ಪಿಕ್ಕೂ (ಹೊಸ ಆಟಗಾರನ್ನ ಆರಿಸೋ ಸರದಿ) ತಗೊಂಡೆ. ತಗೊಂಡಿದ್ದಲ್ದೆ ಬೀನ್ ಏನು ಮಾಡಿದ್ನೋ ಅದನ್ನೇ ಮಾಡ್ದೆ ಅಂತ ಜಂಭ ಬೇರೆ ಕೊಚ್ಕೊಂಡೆ.

2015ರಲ್ಲಿ ಡೊನಾಲ್ಡ್‌ಸನ್ 41 ಹೋಮ್‌ರನ್ (ನಮ್ಮ ಸಿಕ್ಸರ್ ಥರ), 123 ಆರ್‌ಬಿಐ (ತನ್ನ ಬ್ಯಾಟಿಂಗಿಂದ ಟೀಮಿಗೆ ತಂದ ರನ್), ಅಮೆರಿಕನ್ ಲೀಗ್ ಎಂವಿಪಿ. ಟೊರಾಂಟೋ 1993ರ ನಂತರ ಮೊದಲ ಸಲ ಪ್ಲೇಆಫ್. ಲಾರಿ 16 ಹೋಮ್‌ರನ್. ನಮ್ಮ ಏಸ್ 94 ಮ್ಯಾಚ್ ಸೋತು ಡಿವಿಷನ್ನಲ್ಲಿ ಕೊನೆ, ಲೀಗಲ್ಲಿ ನಾನೂ ಕೊನೆ.

ಈಗ ಆ ತಪ್ಪು ಯಾವುದು ಅಂತ ಬಿಡ್ಸಿ ಹೇಳ್ತೀನಿ, ಯಾಕಂದ್ರೆ ಈ ಕಥೆ ಹೇಳಿದಾಗೆಲ್ಲ ಕೇಳಿದೋರು "ನೋಡಿದ್ಯಾ, ನಂಬರ್ ನಂಬಿದ್ರೆ ಹಿಂಗೇ ಆಗೋದು" ಅಂತಾರೆ, ಮೈ ಉರಿಯುತ್ತೆ. ನಾನು ನಂಬರ್ ನಂಬಿ ಕೆಟ್ಟಿಲ್ಲ ಸ್ವಾಮಿ, ನಂಬರ್ ನೋಡ್ಲೇ ಇಲ್ಲ. ನೋಡಿದ್ದು ಒಂದೇ, 2013ರಲ್ಲಿ .301 ಇದ್ದ ಬ್ಯಾಟಿಂಗ್ ಆವರೇಜ್ (ನೂರಕ್ಕೆ ಸುಮಾರು 30 ಸಲ ಹಿಟ್ ಅಂತ) 2014ರಲ್ಲಿ .255 ಆಗಿದೆ ಅಂತ, ಅದೂ ಟ್ರೇಡ್ ಆದ್ಮೇಲೆ, ಮೊದಲೇ ಮಾಡ್ಕೊಂಡ ತೀರ್ಮಾನಕ್ಕೆ ಒಂದು ಸಾಕ್ಷಿ ಬೇಕಿತ್ತು ಅಂತ. ಆವರೇಜ್ ಅನ್ನೋದು ಒಂದು ವರ್ಷದಿಂದ ಇನ್ನೊಂದು ವರ್ಷಕ್ಕೆ ಸುಮ್‌ಸುಮ್ನೆ ಕುಣಿಯೋ ಅಂಕಿ, ಹೊಡೆದ ಬಾಲು ಫೀಲ್ಡರ್ ಕೈಗೆ ಹೋಯ್ತಾ ಪಕ್ಕಕ್ಕೆ ಹೋಯ್ತಾ ಅನ್ನೋ ಅದೃಷ್ಟನೇ ಅದ್ರಲ್ಲಿ ಎಷ್ಟೋ ಇರುತ್ತೆ. ಅದೇ ಪೇಜಲ್ಲಿ ಪಕ್ಕದಲ್ಲೇ ಇತ್ತು: ಹೋಮ್‌ರನ್ 24ರಿಂದ 29ಕ್ಕೆ ಏರಿದೆ, ವಾಕ್ ಕಮ್ಮಿ ಆಗಿಲ್ಲ, ಡಿಫೆನ್ಸ್ ಸೂಪರ್. ಬ್ಯಾಟಿಂಗು, ಫೀಲ್ಡಿಂಗು, ಓಟ ಎಲ್ಲಾ ಸೇರಿಸಿ ಒಂದೇ ಅಂಕಿ ಮಾಡೋ ವಾರ್ ಲೆಕ್ಕದಲ್ಲಿ ಅವನು ಎರಡೂ ವರ್ಷ ಲೀಗಿನ ಮೊದಲ ಸಾಲು. ಇನ್ನು ಪಾರ್ಕು, ಅಂದ್ರೆ ಮೈದಾನ! ಕೊಲಿಸಿಯಂನಲ್ಲಿ ಫೌಲ್ ಲೈನ್ (ಹೊಡೆದ ಬಾಲು ಒಳಗೇ ಬೀಳ್ಬೇಕಾದ ಗೆರೆ) ಆಚೆ ಇದ್ದ ಜಾಗ ಇಡೀ ಮೇಜರ್ ಲೀಗಲ್ಲೇ ದೊಡ್ಡದು, ಬೇರೆ ಕಡೆ ಪ್ರೇಕ್ಷಕರ ಮಧ್ಯ ಬೀಳೋ ಪಾಪ್‌ಅಪ್ (ಎತ್ತರಕ್ಕೆ ಹಾರಿದ ಬಾಲು) ಅಲ್ಲಿ ಕ್ಯಾಚಾಗಿ ಔಟಾಗ್ತಿತ್ತು, ರಾತ್ರಿ ಕೊಲ್ಲಿ ಕಡೆಯಿಂದ ಬರೋ ತಂಪು ಗಾಳಿಗೆ ಎತ್ತಿ ಹೊಡೆದ ಬಾಲು ಗೋಡೆ ತಲುಪ್ತಿರ್ಲಿಲ್ಲ. ಅಲ್ಲಿ 29 ಹೊಡೆಯೋನು ಟೊರಾಂಟೋ ಪಾರ್ಕಲ್ಲಿ ಎಷ್ಟು ಹೊಡಿತಾನೆ ಅಂತ ಯೋಚ್ನೆ ಮಾಡೋಕೆ ಸಾಫ್ಟ್‌ವೇರ್ ಬೇಡ. ನಾನು ಕೂತಿದ್ದ ಸೀಟಿಂದಾನೇ ಆ ಫೌಲ್ ಜಾಗ ಕಾಣ್ತಿತ್ತು, ಸೀಟಿಗೂ ಆಟಗಾರರಿಗೂ ಮಧ್ಯ ಅಷ್ಟು ದೂರ ಯಾಕೆ ಅಂತ ಬೈಕೊಂಡೇ ಮ್ಯಾಚ್ ನೋಡ್ತಿದ್ದೆ. ಅಂದ್ರೆ ಡೇಟಾನೂ ಹೇಳ್ತಿತ್ತು, ಕಣ್ಣೂ ಹೇಳ್ತಿತ್ತು. ಎರಡನ್ನೂ ಬಿಟ್ಟು ನಾನು ನಂಬಿದ್ದು ಬೀನ್ ಅನ್ನೋ ಹೆಸರನ್ನ.

ಅದಕ್ಕೇ ನಿಮ್ಮ ಪ್ರಶ್ನೆನೇ ಸರಿ ಇಲ್ಲ ಅಂತೀನಿ. ಟೀಮಿನ ನಿರ್ಧಾರ ಅಂದ್ರೆ ಅನಾಲಿಟಿಕ್ಸ್ ಅಲ್ಲ. ಸಾಲ ತೀರ್ಸೋಕೆ ಹಾಲು ಕೊಡೋ ಹಸು ಮಾರ್ತಾರಲ್ಲ, ಹಸು ಬತ್ತೋಗಿದೆ ಅಂತಾನಾ ಮಾರೋದು? ಮೇಜರ್ ಲೀಗಲ್ಲಿ ಆಟಗಾರನಿಗೆ ಮೊದಲ ಮೂರು ವರ್ಷ ಹೆಚ್ಚುಕಮ್ಮಿ ಕನಿಷ್ಠ ಸಂಬಳ, ಆಮೇಲೆ ಆರ್ಬಿಟ್ರೇಷನ್ (ಸಂಬಳದ ಮಾತು ಕುದುರದಿದ್ರೆ ಮಧ್ಯಸ್ಥರು ತೀರ್ಮಾನಿಸೋದು), ವರ್ಷ ವರ್ಷ ಏರುತ್ತೆ, ಆರು ವರ್ಷ ಸರ್ವಿಸ್ ತುಂಬಿದ್ಮೇಲೆ ಫ್ರೀ ಏಜೆಂಟ್, ಯಾವ ಟೀಮಿಗೆ ಬೇಕಾದ್ರೂ ಹೋಗ್ಬಹುದು. ಡೊನಾಲ್ಡ್‌ಸನ್ ಟೀಮಿನ ಕಂಟ್ರೋಲಲ್ಲಿ ಇರೋದು ಇನ್ನೂ ನಾಲ್ಕು ವರ್ಷ ಇತ್ತು, ಆದ್ರೆ ಅಗ್ಗದ ಕಾಲ ಮುಗೀತಿತ್ತು. ಅಷ್ಟೇ ವಿಷಯ. 2022ರ ಮಾರ್ಚಲ್ಲಿ ಮ್ಯಾಟ್ ಓಲ್ಸನ್‌ನ ಅಟ್ಲಾಂಟಾಗೆ, ಮ್ಯಾಟ್ ಚಾಪ್ಮನ್‌ನ ಟೊರಾಂಟೋಗೆ ಕಳ್ಸಿದಾಗಲೂ ಅದೇ ರಾಗ. 2023ರಲ್ಲಿ ಓಲ್ಸನ್ ಅಲ್ಲಿ 54 ಹೋಮ್‌ರನ್ ಹೊಡೆದ, ಇಲ್ಲಿ ನಾವು 112 ಮ್ಯಾಚ್ ಸೋತ್ವಿ. ನಮ್ಮವನೇ ಆದ ಮಾರ್ಕಸ್ ಸಿಮಿಯನ್ 2019ರಲ್ಲಿ ಎಂವಿಪಿ ಮತದಾನದಲ್ಲಿ ಮೂರನೇ ಸ್ಥಾನ, 2020 ಮುಗಿದ್ಮೇಲೆ ಒಂದು ವರ್ಷದ ಒಪ್ಪಂದ (ಕ್ವಾಲಿಫೈಯಿಂಗ್ ಆಫರ್) ಕೂಡ ಕೊಡ್ಲಿಲ್ಲ, ಮರುವರ್ಷ ಟೊರಾಂಟೋ ಪರ 45 ಹೋಮ್‌ರನ್. (ಈ ಟೊರಾಂಟೋದೋರಿಗೆ ನಮ್ಮ ಮೇಲೆ ಅದೇನು ಪ್ರೀತಿನೋ.) ಇದ್ರಲ್ಲೆಲ್ಲ ಯಾವ ಅಲ್ಗಾರಿದಮ್ ಬಂದು ಮಾರು ಅಂತು? ಮಾಲೀಕರ ಜೇಬು ಅಂತು. ಅದನ್ನ ಬಾಯಿಬಿಟ್ಟು ಹೇಳೋಕಾಗಲ್ಲ, ಅದಕ್ಕೆ "ಲಾಂಗ್ ಟರ್ಮ್ ಪ್ರಾಸೆಸ್" ಅಂತಾರೆ.

ಬುದ್ಧಿ ಅದೇ ಇದ್ದು ದುಡ್ಡು ಸೇರಿದ್ರೆ ಏನಾಗುತ್ತೆ ಅಂತ ನೋಡ್ಬೇಕಾ? ಟೀಮ್ ಕಟ್ಟೋ ಅಧಿಕಾರಿ ಆಂಡ್ರೂ ಫ್ರೀಡ್‌ಮನ್ ದುಡ್ಡು ಕಮ್ಮಿ ಇದ್ದ ಟ್ಯಾಂಪಾ ಬೇ ರೇಸ್‌ನಲ್ಲಿ ಇದ್ದಷ್ಟು ದಿನ ಆಟಗಾರರು ದುಬಾರಿ ಆಗೋ ಮುಂಚೆ ಮಾರ್ತಿದ್ದ, ಅಲ್ಲಿ ಬೇರೆ ದಾರಿ ಇರ್ಲಿಲ್ಲ. 2014ರಲ್ಲಿ ದುಡ್ಡಿರೋ ಡಾಡ್ಜರ್ಸ್‌ಗೆ ಹೋದ, 2020ರಲ್ಲಿ ಬಾಸ್ಟನ್‌ನಿಂದ ಮೂಕಿ ಬೆಟ್ಸ್‌ನ ತಂದು 12 ವರ್ಷ 365 ಮಿಲಿಯನ್ ಡಾಲರ್‌ಗೆ ಕಟ್ಟಿಹಾಕಿದ. ತಲೆ ಅದೇ, ಚೆಕ್‌ಬುಕ್ ಬೇರೆ.

ನೀವು ಬ್ಲೇಕ್ ಸ್ನೆಲ್ ಉದಾಹರಣೆ ಬೇರೆ ಕೊಟ್ಟಿದೀರ, ಡೇಟಾ ಆಟಾನ ಹಾಳು ಮಾಡ್ತು ಅನ್ನೋಕೆ. 2020ರ ವರ್ಲ್ಡ್ ಸೀರೀಸ್ (ಸೀಸನ್ನಿನ ಫೈನಲ್) ಆರನೇ ಮ್ಯಾಚ್, ಡಾಡ್ಜರ್ಸ್ ಎದುರು ರೇಸ್ 1-0 ಮುಂದೆ, ರೇಸ್ ಪಿಚರ್ ಸ್ನೆಲ್ ಎಸೆದಿದ್ದು 73 ಬಾಲು, 9 ಸ್ಟ್ರೈಕೌಟ್ (ಮೂರು ಸ್ಟ್ರೈಕಿಗೆ ಬ್ಯಾಟರ್ ಔಟು), ಕೊಟ್ಟಿದ್ದು ಎರಡೇ ಹಿಟ್, ಆರನೇ ಇನ್ನಿಂಗ್ಸಲ್ಲಿ ರೇಸ್ ಮ್ಯಾನೇಜರ್ ಕೆವಿನ್ ಕ್ಯಾಶ್ ಬಂದು ಬಾಲ್ ಇಸ್ಕೊಂಡ. ಕಾರಣ ಏನಂದ್ರೆ, ಒಬ್ಬ ಪಿಚರ್‌ನ ಮೂರನೇ ಸಲ ನೋಡೋ ಬ್ಯಾಟರ್ ಜಾಸ್ತಿ ಹೊಡಿತಾನೆ, ಇದು ನಿಜ, ಎಷ್ಟೋ ವರ್ಷದ ಲೆಕ್ಕ. ಆದ್ರೆ ಅವತ್ತು ಡಾಡ್ಜರ್ಸ್‌ನ ಮೊದಲ ಮೂರು ಬ್ಯಾಟರ್‌ಗಳು ಸ್ನೆಲ್ ಎದುರು ಆರು ಸಲ ಬಂದು ಆರೂ ಸಲ ಸ್ಟ್ರೈಕೌಟ್. ಅವನ ಬದಲು ಬಂದ ನಿಕ್ ಆಂಡರ್ಸನ್ ಹಿಂದಿನ ಆರು ಮ್ಯಾಚಲ್ಲೂ ರನ್ ಬಿಟ್ಟಿದ್ದ. ಇದೂ ಡೇಟಾನೇ ಅಲ್ವಾ? ಬೆಟ್ಸ್ ಬಂದ, ಡಬಲ್ (ಎರಡು ಬೇಸ್ ಸಿಗೋ ಹಿಟ್) ಹೊಡೆದ, ಮ್ಯಾಚ್ 3-1, ಕಪ್ ಹೋಯ್ತು. ಒಂದು ಅಂಕಿ ಹಿಡ್ಕೊಂಡು ಮಿಕ್ಕಿದ್ದು ಬಿಟ್ರು ಅಂತ ಬೇಕಾದ್ರೆ ಬೈರಿ, ನಾನೂ ಸೇರ್ಕೋತೀನಿ.

ಕಣ್ಣು ಗೆದ್ದಿರೋ ಕೇಸ್ ಬೇಕು ಅಂದ್ರೆ ಜೆ.ಡಿ. ಮಾರ್ಟಿನೆಜ್ ತಗೊಳ್ಳಿ. ಲೆಕ್ಕದಲ್ಲಿ ಹೂಸ್ಟನ್‌ನೋರನ್ನ ಮೀರಿಸೋರಿಲ್ಲ ಅಂತಿದ್ರು, ಅವರೇ 2014ರ ಮಾರ್ಚಲ್ಲಿ ಇವನನ್ನ ಸುಮ್ನೆ ಬಿಟ್ಟು ಕಳ್ಸಿದ್ರು. ಅವನು ಆ ಚಳಿಗಾಲದಲ್ಲಿ ಸ್ವಿಂಗ್‌ನೇ ಪೂರ್ತಿ ಬದಲಾಯ್ಸಿದ್ದ, ಇವರ ಕಂಪ್ಯೂಟರಲ್ಲಿ ಇದ್ದಿದ್ದು ಹಳೇ ಸ್ವಿಂಗಿನ ನಂಬರು. ಡೆಟ್ರಾಯ್ಟ್‌ಗೆ ಹೋಗಿ ಅದೇ ವರ್ಷ .315, 23 ಹೋಮ್‌ರನ್. ಸ್ವಿಂಗ್ ಬದಲಾಗಿದ್ಯಾ, ಹೊಸ ಪಿಚ್ ಕಲ್ತಿದಾನಾ, ಮೊಣಕೈ ಸರಿ ಹೋಯ್ತಾ, ಇಂಥದ್ದಕ್ಕೆ ಕಣ್ಣು ಬೇಕು. ಎರಡು ವಾರದ ಆವರೇಜ್ ನೋಡಿ ಫಾರ್ಮ್ ಹೋಯ್ತು ಅನ್ನೋಕಲ್ಲ.

ನಮ್ಮ ಕಡೆಯೋರಿಗೆ ಇದೇನು ಹೊಸದಾ ಹೇಳಿ. ಆರ್‌ಸಿಬಿ ಚಹಲ್‌ನ ಬಿಡ್ತು, 2022ರಲ್ಲಿ ರಾಜಸ್ಥಾನದ ಪರ 27 ವಿಕೆಟ್, ಪರ್ಪಲ್ ಕ್ಯಾಪ್. ಬಿಟ್ರು ಅಂತ ಅವನ ಲೆಗ್‌ಸ್ಪಿನ್ ತಿರುಗೋದು ನಿಂತೋಯ್ತು ಅಂತ ನಾವ್ಯಾರಾದ್ರೂ ಅಂದ್ವಾ? ಬೇಸ್‌ಬಾಲ್ ಬಂದ ತಕ್ಷಣ ಮಾತ್ರ ಅಮೆರಿಕಾದೋರು ಏನೋ ರಾಕೆಟ್ ಸೈನ್ಸ್ ಮಾಡ್ತಿದಾರೆ ಅಂತ ಕೈಕಟ್ಟಿ ನಿಲ್ತೀವಿ.

ಇನ್ನು ನಿಮ್ಮ ಆಟಗಾರ. ಅವನಿಗೆ 27 ವರ್ಷ, ಮುಂದಿನ ವರ್ಷದಿಂದ ಆರ್ಬಿಟ್ರೇಷನ್ ಅಂತ ನೀವೇ ಬರ್ದಿದೀರ, ನಿಮ್ಮ ಉತ್ತರ ಅಲ್ಲೇ ಇದೆ, ಇಟ್ಕೊಳ್ಳಿ. ಹೋಗ್ತಿರೋ ಪಾರ್ಕ್ ಹಳೇದಕ್ಕಿಂತ ಚಿಕ್ಕದಾಗಿದ್ರೆ ಕಣ್ಮುಚ್ಚಿ ಇಟ್ಕೊಳ್ಳಿ. ಸ್ಟ್ರೈಕೌಟ್ ಏಕಾಏಕಿ ಏರಿದ್ಯಾ, ಬಾಲು ಮೊದಲಿನ ವೇಗದಲ್ಲಿ ಬ್ಯಾಟಿಂದ ಹೋಗ್ತಿದ್ಯಾ, ಇವೆರಡು ನೋಡಿ ಸಾಕು, ಮೇಜರ್ ಲೀಗಿನದೇ ಡೇಟಾ, ಸ್ಟಾಟ್‌ಕಾಸ್ಟಲ್ಲಿ ಪುಕ್ಕಟೆ ಸಿಗುತ್ತೆ, 2014ರಲ್ಲಿ ನಮಗೆ ಅದೂ ಇರ್ಲಿಲ್ಲ. ನೀವು ಹೇಳಿದ ಇನ್ನೊಬ್ಬ, ಟ್ರಿಪಲ್-ಎ ಗೆ (ಮೇಜರ್ ಲೀಗಿಗಿಂತ ಒಂದು ಮೆಟ್ಟಿಲು ಕೆಳಗೆ) ಕಳ್ಸಿರೋ ಪಿಚರ್, ಅವನ ಬಗ್ಗೆನೂ ತಲೆ ಕೆಡಿಸ್ಕೋಬೇಡಿ. 26 ಜನರ ರೋಸ್ಟರಲ್ಲಿ ಜಾಗ ಬೇಕಾದಾಗ ಮೊದಲು ಕೆಳಗೆ ಹೋಗೋನು ಆಪ್ಷನ್ (ಟೀಮು ಸುಮ್ನೆ ಕೆಳಗೆ ಕಳಿಸೋ ಹಕ್ಕು) ಉಳಿದಿರೋನು, ಯಾಕಂದ್ರೆ ಆಪ್ಷನ್ ಮುಗಿದಿರೋನನ್ನ ಕೆಳಗೆ ಕಳಿಸ್ಬೇಕಾದ್ರೆ ವೇವರ್ಸ್‌ಗೆ ಹಾಕ್ಬೇಕು, ಆಗ ಬೇರೆ ಟೀಮು ಎತ್ಕೊಂಡು ಹೋಗ್ಬಹುದು. ಅವನು ಕೆಟ್ಟ ಪಿಚರ್ ಅನ್ನೋದಕ್ಕೂ ಇದಕ್ಕೂ ಸಂಬಂಧ ಇಲ್ಲ.

ನಿಮ್ಮ ಪಟ್ಟಿಲಿ ಮ್ಯಾಕ್ಸ್ ಮನ್ಸಿ ಅಂತ ಹೆಸರಿದೆ, ಹುಷಾರು. ನಮ್ಮ ಏಸ್ 2017ರಲ್ಲಿ ಬೇಡ ಅಂತ ಬಿಟ್ಟ ಮನ್ಸಿ, 2018ರಲ್ಲಿ ಡಾಡ್ಜರ್ಸ್ ಪರ 35 ಹೋಮ್‌ರನ್ ಹೊಡೆದನಲ್ಲ, ಅವನು ಬೇರೆ. ಏಸ್ 2021ರಲ್ಲಿ ಡ್ರಾಫ್ಟ್ ಮಾಡಿದ ಇನ್ನೊಬ್ಬ ಮ್ಯಾಕ್ಸ್ ಮನ್ಸಿ ಇದಾನೆ, ಹುಟ್ಟಿದ ದಿನಾನೂ ಒಂದೇ, ಆಗಸ್ಟ್ 25, ತಮಾಷೆ ಅಲ್ಲ. ಕೀಪರ್ ಸೇವ್ ಮಾಡೋ ಮುಂಚೆ ಯಾವ ಮನ್ಸಿ ಮೇಲೆ ಒತ್ತಿದೀರ ಅಂತ ಒಂದ್ಸಲ ನೋಡ್ಕೊಳ್ಳಿ.