ಜೇನುನೊಣ ನೋಡುವುದು ಬಣ್ಣವನ್ನೇ

ಜೇನುನೊಣ ನಿಜವಾಗಿ ಬಣ್ಣ ಗುರುತಿಸುತ್ತದೋ ಇಲ್ಲ ಬರೀ ಹೊಳಪನ್ನೋ ಎಂದು ಕೇಳಿದ್ದೀರಿ. ಬಣ್ಣವನ್ನೇ. ಪ್ರಾಣಿಶಾಸ್ತ್ರಜ್ಞ ಕಾರ್ಲ್ ಫಾನ್ ಫ್ರಿಶ್ 1914ರಲ್ಲೇ ಇದನ್ನು ತೋರಿಸಿದರು. ನನಗೆ ತುಂಬಾ ಇಷ್ಟವಾದ ಪ್ರಯೋಗ ಇದು. ಒಂದು ನೀಲಿ ಕಾಗದ, ಸುತ್ತ ತಿಳಿಯಿಂದ ಕಡುವಿನವರೆಗೆ ಬೂದು ಕಾಗದಗಳು. ಸಕ್ಕರೆ ನೀರು ನೀಲಿಯ ಮೇಲೆ ಮಾತ್ರ. ಕಾಗದಗಳ ಜಾಗ ಆಗಾಗ ಬದಲು. ಆಮೇಲೆ ಖಾಲಿ ಬಟ್ಟಲು ಇಟ್ಟರೂ ನೊಣಗಳು ನೀಲಿಗೇ ಬಂದವು. ಹೊಳಪಷ್ಟೇ ನೋಡಿದ್ದರೆ ಯಾವುದಾದರೂ ಬೂದು ಕಾಗದಕ್ಕೂ ಹೋಗಬೇಕಿತ್ತು, ಅಲ್ವಾ? ಕೆಂಪು ಇಟ್ಟರೆ ಮಾತ್ರ ಕಡು ಬೂದಿನೊಂದಿಗೆ ಗೊಂದಲ ಮಾಡಿಕೊಳ್ಳುತ್ತವೆ.

ಒಂದಕ್ಕೊಂದು ತುಂಬಾ ಹತ್ತಿರದ ಬಣ್ಣಗಳನ್ನು ಕಲಿಸಲು ಸಕ್ಕರೆಯೊಂದೇ ಸಾಲದು. ಸಕ್ಕರೆ ಇಲ್ಲದ ಬಣ್ಣದ ಮೇಲೆ ಕಹಿ ಕ್ವಿನೈನ್ ನೀರು ಇಟ್ಟಾಗ ನೊಣಗಳು ಇನ್ನೂ ಚೆನ್ನಾಗಿ ಕಲಿಯುತ್ತವೆ. ತಪ್ಪಿದರೆ ಬಾಯಿ ಕಹಿ, ಹಾಗಾಗಿ ಜಾಸ್ತಿ ಗಮನವಿಟ್ಟು ಆರಿಸುತ್ತವೆ.